ಮಗಳನ್ನು ಹೊಗಳಲು ಕಾಲೇಜಿಗೆ ಹೋದದ್ದು

ಚಿನ್ನೂ, ಗುಂಡೂ,

ಮನೆಯಲ್ಲಿ ಕೂಗುವ ಹೆಸರಿನಲ್ಲೇ ಕರೆದಿದ್ದೇನೆ. ಶಾಲೆಯ ಹೆಸರು ಹಾಕಿದರೆ ಯಾರ ಮಕ್ಕಳಿಗೋ ಬರೆದ ಹಾಗೆ ಅನಿಸುತ್ತದೆ. ಹೋದ ಭಾನುವಾರ ನೀವಿಬ್ಬರೂ ಬೀರು ಕೆದಕಿ ನಿಮ್ಮ ಅಮ್ಮನ ಡಿಗ್ರಿ ಸರ್ಟಿಫಿಕೇಟನ್ನು ಹೊರಗೆ ತೆಗೆದಿರಿ. ಬಿಸಿನೆಸ್ ಮ್ಯಾನೇಜ್‌ಮೆಂಟ್ ಓದುವಾಗ ಯಾವ ಕಂಪನಿಯಲ್ಲಿ ಕೆಲಸ ಕಲಿತೆ ಎಂದು ಕೇಳಿದಿರಿ. ಅವಳು ನಕ್ಕು, ಅಜ್ಜಿಯನ್ನು ಕೇಳಿ ಎಂದು ಅಡುಗೆಮನೆಗೆ ಹೋದಳು. ಕೇಳಿದ್ದೀರಿ, ಬರೆಯುತ್ತಿದ್ದೇನೆ. ಆ ಕಂಪನಿ ಎಂದರೆ ನಾನು, ನನ್ನ ಅತ್ತೆ ಮತ್ತು ಎರಡು ಎಮ್ಮೆ.

ನಿಮ್ಮ ತಾತ ಹೋದಾಗ ನಿಮ್ಮ ಅಮ್ಮನಿಗೆ ಒಂಬತ್ತು ವರ್ಷ. ನಾನು ಕ್ಯಾಸಂಬಳ್ಳಿ ಕಡೆ ಹಳ್ಳಿಯ ಶಾಲೆಯಲ್ಲಿ ಏಳನೆಯ ಕ್ಲಾಸಿನವರೆಗೆ ಓದಿದವಳು. ಆ ಓದಿಗೆ ಯಾರೂ ಕೆಲಸ ಕೊಡುತ್ತಿರಲಿಲ್ಲ, ಎಮ್ಮೆಗಳು ಕೊಟ್ಟವು. ನಮ್ಮೂರಿಂದ ಬಂಗಾರಪೇಟೆ ಸ್ಟೇಷನ್ನಿಗೆ ಎರಡು ಮೈಲಿ. ಬೆಳಿಗ್ಗೆ ಮಾರಿಕುಪ್ಪಂ ರೈಲು ಹತ್ತಿ, ಚಿನ್ನದ ಗಣಿಯ ಊರಿನಲ್ಲಿ ಇಳಿದು, ಮೊಸರಿನ ಮಡಕೆ ತಲೆಯ ಮೇಲಿಟ್ಟುಕೊಂಡು ನಂದಿದುರ್ಗ ಗಣಿಯ ಲೈನುಗಳಿಗೆ ನಡೆಯುತ್ತಿದ್ದೆ. ಲೈನು ಎಂದರೆ ಗಣಿ ಕೆಲಸದವರ ಮನೆಗಳ ಸಾಲು, ಒಂದರ ಗೋಡೆಗೆ ಇನ್ನೊಂದು ಅಂಟಿಕೊಂಡು. ಅಲ್ಲಿ ತಮಿಳು ಮಾತಾಡುವವರೇ ಹೆಚ್ಚು. ಕೂಗಿ ಮಾರುವಷ್ಟು ಗಂಟಲು ನನಗಿರಲಿಲ್ಲ. ಲೈನಿನ ತುದಿಯಲ್ಲಿ ನಿಂತು ಅಳತೆಯ ಲೋಟದಿಂದ ಮಡಕೆಯ ಮುಚ್ಚಳಕ್ಕೆ ಮೂರು ಸಲ ತಟ್ಟುತ್ತಿದ್ದೆ. “ತಯಿರಮ್ಮಾ ವಂದಾಚ್ಚು!” ಎಂದು ಮಕ್ಕಳೇ ಕೂಗಿಕೊಂಡು ಓಡುತ್ತಿದ್ದವು. ಮೊಸರಮ್ಮ ಬಂದಳು ಎಂದು. ಹತ್ತು ವರ್ಷ ನನ್ನ ವ್ಯಾಪಾರ ಹೀಗೇ ನಡೆಯಿತು.

ಆ ಹೊತ್ತಿಗೆ ಚಿನ್ನದ ಗಣಿಯ ಊರಿನ ಒಂದು ಕಾಲೇಜಿನಲ್ಲಿ ಹೊಸ ಡಿಗ್ರಿ ಶುರುವಾಗಿತ್ತು. ವಾರಕ್ಕೆ ನಾಲ್ಕು ದಿನ ಕ್ಲಾಸಿನಲ್ಲಿ ಪಾಠ, ಎರಡು ದಿನ ಯಾವುದಾದರೂ ನಡೆಯುವ ವ್ಯಾಪಾರದಲ್ಲಿ ಕೆಲಸ. ಕೆಲಸಕ್ಕೂ ಮಾರ್ಕು. ಅದರಲ್ಲಿ ಫೇಲಾದರೆ ಪುಸ್ತಕದಲ್ಲಿ ಎಷ್ಟು ಬಂದರೂ ಆ ವರ್ಷ ಹೋಯಿತು. ನಮ್ಮ ಮನೆತನದಲ್ಲಿ ಹತ್ತನೆಯ ಕ್ಲಾಸು ದಾಟಿದ ಮೊದಲ ಜೀವ ನಿಮ್ಮ ಅಮ್ಮ. ಅವಳು ಅದನ್ನೇ ಓದುತ್ತೇನೆ ಎಂದು ಹಟ ಹಿಡಿದಳು.

“ವ್ಯಾಪಾರ ಕಲಿಯಾಕೆ ಕಾಲೇಜ್ಯಾಕಮ್ಮಿ?” ಎಂದರು ಅತ್ತೆ. “ಸಂತೇಗೆ ಓಗಿ ಕುಂತ್ಕೋ, ಸಾಯಂಕಾಲಕ್ಕೆ ತಾನೇ ಬತ್ತದೆ.”

“ಅದು ವ್ಯಾಪಾರ ಅಜ್ಜಿ. ಇದು ಮ್ಯಾನೇಜ್‌ಮೆಂಟು.”

“ಅಂಗಂದ್ರೆ?”

“ಬೇರೆಯವರ ಕೈಲಿ ಕೆಲಸ ಮಾಡಿಸೋದು.”

“ಅದು ನಂಗೆ ಉಟ್ದಾಗ್ಲಿಂದ ಬತ್ತದೆ” ಎಂದು ಅತ್ತೆ ಎಲೆ ಅಡಿಕೆ ಚೀಲ ಬಿಚ್ಚಿದರು.

ಪಾಠಕ್ಕೆ ಸೇರಿದ್ದಾಯಿತು. ಕೆಲಸಕ್ಕೆ ಜಾಗ ಸಿಗಲಿಲ್ಲ. ಬಂಗಾರಪೇಟೆಯ ಅಂಗಡಿಗಳಿಗೆಲ್ಲ ನಿಮ್ಮ ಅಮ್ಮ ಕಾಲೇಜಿನ ಕಾಗದ ಹಿಡಿದು ಹೋದಳು. ಎಣ್ಣೆ ಗಾಣದ ಯಜಮಾನರು, ಮದುವೆ ಪತ್ರಿಕೆ ತಂದಿದ್ದಾಳೆ ಎಂದುಕೊಂಡು ಅರಿಶಿನ ಕುಂಕುಮ ಕೊಡಿಸಿ ಕಳಿಸಿದರು. ಸೈಕಲ್ ಶಾಪಿನವರು ಪಂಕ್ಚರ್ ಹಾಕಲು ಬರುತ್ತದಾ ಎಂದು ಕೇಳಿದರು. ಬಟ್ಟೆ ಅಂಗಡಿಯವರು ಅವಳು ಬಾಯಿ ತೆರೆಯುವ ಮೊದಲೇ ಆರು ಸೀರೆ ಬಿಚ್ಚಿ ಹರಡಿದರು. ಅವನ್ನೆಲ್ಲ ಬೇಡ ಎಂದು ಎದ್ದು ಬರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು.

ಜಾಗದ ಹೆಸರು ಕೊಡಲು ಶನಿವಾರ ಕೊನೆಯ ದಿನ. ಶುಕ್ರವಾರ ಸಂಜೆ ನಾನು ಹಾಲಿಗೆ ಹೆಪ್ಪು ಹಾಕುತ್ತಿದ್ದೆ. ಅವಳು ಗಲ್ಲಕ್ಕೆ ಕೈ ಕೊಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು.

“ಅಮ್ಮ, ನಿನ್ನ ವ್ಯಾಪಾರ ಶುರುವಾಗಿ ಎಷ್ಟು ವರ್ಷ ಆಯ್ತು?”

“ಯಾವ ವ್ಯಾಪಾರ?”

“ಈ ಮೊಸರು.”

“ಇದು ವ್ಯಾಪಾರಾನಾ? ಮೊಸರು ಕಣೇ.”

“ಐದು ವರ್ಷಕ್ಕಿಂತ ಜಾಸ್ತಿ ನಡೆದಿರಬೇಕು, ಯಜಮಾನರು ಸಹಿ ಹಾಕಬೇಕು. ಅಷ್ಟೇ ರೂಲ್ಸು. ಬೋರ್ಡ್ ಇರಬೇಕು, ಬಾಗಿಲು ಇರಬೇಕು ಅಂತ ಎಲ್ಲೂ ಬರೆದಿಲ್ಲ.”

ಮಾರನೆಯ ದಿನ ಆ ಕಾಗದ ನೋಡಿ ಪ್ರಿನ್ಸಿಪಾಲರು ಬಹಳ ಹೊತ್ತು ನಕ್ಕರಂತೆ. ನಕ್ಕು ಮುಗಿಸಿ ಸಹಿ ಹಾಕಿದರಂತೆ.

ಅವತ್ತಿನಿಂದ ನಮ್ಮ ಮನೆ ಮನೆಯಾಗಿ ಉಳಿಯಲಿಲ್ಲ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ನಿಮ್ಮ ಅಮ್ಮ ಒಂದು ಚಾರ್ಟು ಬರೆದು ಕೊಟ್ಟಿಗೆಯ ಗೋಡೆಗೆ ಅಂಟಿಸಿದಳು. ಮೇಲೆ ಒಂದು ಚೌಕ, ಅದು ನಾನು, ಮ್ಯಾನೇಜಿಂಗ್ ಡೈರೆಕ್ಟರು. ಅದರ ಕೆಳಗೆ ಎರಡು ದೊಡ್ಡ ಚೌಕ, ಉತ್ಪಾದನಾ ವಿಭಾಗ, ಎಂದರೆ ಎಮ್ಮೆಗಳು. ಅದಕ್ಕೂ ಕೆಳಗೆ ಮೂಲೆಯಲ್ಲಿ ಒಂದು ಸಣ್ಣ ಚೌಕ. ಅತ್ತೆ ಓದು ಬಾರದವರು, ಆದರೆ ಮೇಲೆ ಕೆಳಗೆ ಅವರಿಗೆ ಚೆನ್ನಾಗಿ ಗೊತ್ತಿತ್ತು.

“ಈ ಮೂಲೇಲಿರೋದು ಯಾರು?”

“ನೀನು ಅಜ್ಜಿ. ಕ್ವಾಲಿಟಿ ಕಂಟ್ರೋಲ್ ಆಫೀಸರು.”

“ಎಮ್ಮೆಗಿಂತ ನಾನು ಕೆಳೀಕಾ?”

“ಇದು ಕೆಲಸ ಹರಿದು ಬರೋ ದಾರಿ ಅಜ್ಜಿ. ಮರ್ಯಾದೆ ಅಲ್ಲ.”

“ಅರ್ದು ಬಂದ್ರೆ ಬರ್ಲಿ, ನನ್ನ ಮೇಲಾಕು.”

ಮರುದಿನ ಚಾರ್ಟು ಮತ್ತೆ ಬರೆದಳು. ಅತ್ತೆಯ ಚೌಕ ನನ್ನ ಚೌಕದ ಮೇಲೆ ಹೋಯಿತು. ಮನೆಯಲ್ಲಿ ನಿಜಕ್ಕೂ ಇದ್ದದ್ದು ಹಾಗೆಯೇ, ನನಗೇನೂ ಬೇಸರವಾಗಲಿಲ್ಲ.

ಕೆಲಸದ ದಿನ ಮೇಲಿನವರಿಂದ ಅಪ್ಪಣೆ ತೆಗೆದುಕೊಳ್ಳಬೇಕು ಎಂದು ಅವಳ ಪುಸ್ತಕದಲ್ಲಿತ್ತು. ಬೆಳಿಗ್ಗೆ ಕೊಟ್ಟಿಗೆಯ ಬಾಗಿಲಲ್ಲಿ ಬಂದು ನೆಟ್ಟಗೆ ನಿಲ್ಲುವಳು. “ಮೇಡಂ, ಇವತ್ತಿನ ಕೆಲಸ ಏನು?” ಜನ್ಮದಲ್ಲಿ ನನ್ನನ್ನು ಮೇಡಂ ಎಂದು ಕರೆದವಳು ಅವಳೊಬ್ಬಳೇ. ನಾಚಿಕೆಯಿಂದ ಎಮ್ಮೆಯ ಹಿಂದೆ ಮುಖ ಮರೆಸಿಕೊಂಡು, “ಸಗಣಿ ಬಾಚು” ಎನ್ನುತ್ತಿದ್ದೆ. “ಎಸ್ ಮೇಡಂ” ಎಂದು ಮಂಕರಿ ಎತ್ತುತ್ತಿದ್ದಳು.

ನಾನು ಕೂಗಿ ಮಾರುವುದನ್ನು ಕಲಿಯಬೇಕು ಎಂದೂ ಅವಳು ತೀರ್ಮಾನಿಸಿದಳು. ಪ್ರಚಾರವಿಲ್ಲದೆ ವ್ಯಾಪಾರ ಬೆಳೆಯುವುದಿಲ್ಲವಂತೆ. ಒಂದು ಶನಿವಾರ ಲೈನಿನ ತುದಿಯಲ್ಲಿ ನಿಂತು, ಕಣ್ಣು ಮುಚ್ಚಿ, ಇದ್ದ ಉಸಿರನ್ನೆಲ್ಲ ಒಟ್ಟು ಮಾಡಿ “ಮೊಸರೂ” ಎಂದೆ. ಅದು ಹೇಗೆ ಕೇಳಿಸಿತೋ, ನಾಲ್ಕು ಮನೆಯ ಹೆಂಗಸರು ಬಿದ್ದೆನೋ ಎದ್ದೆನೋ ಎಂದು ಓಡಿಬಂದು ನನ್ನನ್ನು ಜಗಲಿಯ ಮೇಲೆ ಕೂರಿಸಿ ನೀರು ಕುಡಿಸಿದರು. ಒಬ್ಬಳು ಸೆರಗಿನಿಂದ ಗಾಳಿ ಹಾಕಿದಳು. ಆಮೇಲೆ ಪ್ರಚಾರದ ಮಾತು ಬಿಟ್ಟೆವು.

ಆದರೆ ಒಂದು ಕೆಲಸ ಅವಳು ಮಾಡಿದಳು. ನೋಟ್‌ಬುಕ್ಕು ಹಿಡಿದು ಲೈನಿನ ಮನೆಮನೆಗೂ ಹೋಗಿ, ನಿಮಗೆ ಎಂಥ ಮೊಸರು ಇಷ್ಟ ಎಂದು ಕೇಳಿದಳು. ಮೂರು ವಾರ ಕೇಳಿದಳು. ಆಗ ಗೊತ್ತಾದದ್ದು ಇದು. ಸಣ್ಣ ಮಕ್ಕಳಿರುವ ಮನೆಗೆ ಹುಳಿಯಿಲ್ಲದ ಮೊಸರು ಬೇಕು. ಗಣಿಯೊಳಗೆ ಇಳಿದು ಬರುವ ಗಂಡಸರಿಗೆ, ಮಜ್ಜಿಗೆಹುಳಿ ಮಾಡುವ ಮುದುಕಿಯರಿಗೆ ಹುಳಿ ಮೊಸರು ಬೇಕು. ನಾನು ಒಂದೇ ಮಡಕೆ ಹೊತ್ತು ಬರುತ್ತಿದ್ದೆ. ಮೊದಲ ಲೈನಿನಲ್ಲಿ ಸಿಹಿಯಾಗಿದ್ದ ಮೊಸರು ಬಿಸಿಲಿಗೆ ಕೊನೆಯ ಲೈನಿನಲ್ಲಿ ಹುಳಿಯಾಗುತ್ತಿತ್ತು. ಮುದುಕಿಯರೆಲ್ಲ ಮೊದಲ ಲೈನಿನಲ್ಲಿ, ಮಕ್ಕಳೆಲ್ಲ ಕೊನೆಯ ಲೈನಿನಲ್ಲಿ! ಹತ್ತು ವರ್ಷ ಯಾರಿಗೂ ಅವರಿಗೆ ಬೇಕಾದ ಮೊಸರನ್ನು ನಾನು ಹಾಕಿರಲಿಲ್ಲ. ಯಾಕೆ ಹೇಳಲಿಲ್ಲ ಎಂದು ಅವಳು ಕೇಳಿದ್ದಕ್ಕೆ, “ನಿಮ್ಮಮ್ಮ ತಲೇನೇ ಎತ್ತಲ್ಲ, ಪಾಪ, ಹೆಂಗೆ ಹೇಳೋದು” ಎಂದರಂತೆ.

ನಿಮ್ಮ ಅಮ್ಮ ಎರಡು ಮಡಕೆ ಮಾಡಿಸಿದಳು. ಹುಳಿಯದಕ್ಕೆ ಸಂಜೆ ಬೇಗ, ಕೈಬಿಚ್ಚಿ ಹೆಪ್ಪು. ಇನ್ನೊಂದಕ್ಕೆ ತಡವಾಗಿ, ಎರಡೇ ತೊಟ್ಟು. ನಡೆಯುವ ದಾರಿಯನ್ನೂ ತಿರುಗಿಸಿದಳು, ಮೊದಲು ಮಕ್ಕಳ ಲೈನು, ಕೊನೆಗೆ ಮುದುಕಿಯರ ಲೈನು. ಎರಡು ತಿಂಗಳಲ್ಲಿ ಹನ್ನೊಂದು ಹೊಸ ಮನೆಗಳು ಸೇರಿಕೊಂಡವು. ಇದನ್ನೆಲ್ಲ ನಲವತ್ತು ಪುಟ ಬರೆದು, ಲೈನುಗಳ ನಕ್ಷೆ ಹಾಕಿ ಕಾಲೇಜಿಗೆ ಕೊಟ್ಟಳು. ಇನ್ನು ಪರೀಕ್ಷಕರು ಬಂದು ಯಜಮಾನರನ್ನು ಮಾತಾಡಿಸಿ ಹೋಗುವುದೊಂದು ಬಾಕಿ.

ಇಲ್ಲಿ ನಿಮಗೆ ಒಂದು ವಿಷಯ ಹೇಳಬೇಕು, ಪೇಟೆಯಲ್ಲಿ ಬೆಳೆದವರಿಗೆ ಗೊತ್ತಿರುವುದಿಲ್ಲ. ನಮ್ಮ ಕಡೆ ನಮ್ಮ ಮಕ್ಕಳನ್ನು ನಾವು ಹೊಗಳುವ ಹಾಗಿಲ್ಲ, ದೃಷ್ಟಿಯಾಗುತ್ತದೆ. ಬೇರೆಯವರು ಹೊಗಳಿದರೆ ಕೂಡಲೇ ಅದನ್ನು ಅಳಿಸಬೇಕು. ಮಗು ಚೆನ್ನಾಗಿದೆ ಎಂದರೆ “ಎಲ್ಲಿ, ಕಾಗೆ ಇದ್ದಂಗೈತೆ” ಎನ್ನಬೇಕು. ಎಮ್ಮೆಗೂ ಅಷ್ಟೆ, ಬೆಳೆಗೂ ಅಷ್ಟೆ. ಯಾರಾದರೂ ಮಗಳನ್ನು ಜೋರಾಗಿ ಬೈದುಕೊಂಡರೆ, ಕೇಳಿದವರು ಮನೆಗೆ ಹೋಗಿ “ಆ ಉಡುಗಿ ಬಲು ಗಟ್ಟಿ ಕಣೇ” ಎಂದು ಹೇಳುತ್ತಾರೆ. ಬೈಗುಳ ಎಷ್ಟು ದಪ್ಪವೋ ಮಗು ಅಷ್ಟು ಒಳ್ಳೆಯದು.

ಪರೀಕ್ಷಕರು ದೂರದ ಊರಿನವರು. ಕನ್ನಡಕ, ಇಸ್ತ್ರಿ ಮಾಡಿದ ಅಂಗಿ, ಹೇಳಿದ್ದನ್ನೆಲ್ಲ ಹೇಳಿದ ಹಾಗೇ ಬರೆದುಕೊಳ್ಳುವ ನಿಯತ್ತಿನ ಮನುಷ್ಯ. ಯಜಮಾನರನ್ನು ಮಾತಾಡಿಸುವಾಗ ವಿದ್ಯಾರ್ಥಿನಿ ಹತ್ತಿರ ಇರಬಾರದಂತೆ. ನಿಮ್ಮ ಅಮ್ಮನನ್ನು ಬಾವಿಯ ಕಡೆಗೆ ಕಳಿಸಿದರು. ಅವರಿಗೆ ಚಾಪೆ ಹಾಸಿ ಕೂರಿಸಿದೆ. ಅತ್ತೆ ಕಂಬಕ್ಕೆ ಒರಗಿ ಕೂತರು. ನಾನು ಬಾಗಿಲ ಸಂದಿಯಲ್ಲಿ ನಿಂತೆ.

ಪರೀಕ್ಷಕರು ಕೂತವರೇ ಕೊಟ್ಟಿಗೆಯ ಕಡೆ ನೋಡಿ, “ಭಾರಿ ಎಮ್ಮೆ! ಎಷ್ಟು ಲೀಟರ್ ಕೊಡುತ್ತೆ?” ಎಂದರು.

ಅತ್ತೆಯ ಮುಖ ಇಳಿದುಹೋಯಿತು. “ಎಲ್ಲಿ ಕೊಡ್ತದೆ ಸಾಮಿ. ಸುಮ್ನೆ ಉಲ್ಲು ದಂಡ.”

ಅವರು ಬರೆದುಕೊಂಡರು. ಆ ಎಮ್ಮೆ ದಿನಕ್ಕೆ ಎಂಟು ಲೀಟರ್ ಕೊಡುತ್ತಿತ್ತು.

“ವ್ಯಾಪಾರ ಬೆಳೀತಾ ಇದೆಯೇನಮ್ಮಾ?” ಎಂದು ನನ್ನ ಕಡೆ ತಿರುಗಿದರು.

“ಇಲ್ಲ ಸಾರ್. ಏನೋ ಇಂಗೇ.”

ಬರೆದುಕೊಂಡರು.

“ನಿಮ್ಮ ಹುಡುಗಿ ಬಹಳ ಬುದ್ಧಿವಂತೆ ಅಂತ ಪ್ರಿನ್ಸಿಪಾಲರು ಹೇಳಿದರು.”

ಅತ್ತೆ “ಥೂ ಥೂ” ಎಂದು ಪಕ್ಕಕ್ಕೆ ಉಗುಳಿದರು. ಪರೀಕ್ಷಕರು ಕಾಲನ್ನು ಸ್ವಲ್ಪ ಒಳಕ್ಕೆ ಎಳೆದುಕೊಂಡರು. “ಅವ್ಳಾ?” ಎಂದರು ಅತ್ತೆ. “ಇಲ್ಲಿರೋ ಕಡ್ಡೀನ ಅಲ್ಲಿಕ್ಕಲ್ಲ ಸಾಮಿ. ಉಣ್ಣು ಅಂದ್ರೆ ಉಂಬ್ತಾಳೆ, ಮಲಕ್ಕೋ ಅಂದ್ರೆ ಮಲಕ್ಕಂತಾಳೆ.”

“ನೀವೇನು ಹೇಳ್ತೀರಮ್ಮಾ?”

“ಅದ್ಕೇನು ಬತ್ತದೆ ಸಾರ್” ಎಂದೆ ನೆಲ ನೋಡಿಕೊಂಡು.

ಅವರು ಚಾರ್ಟಿನ ಕಡೆ, ಮೂಲೆಯಲ್ಲಿದ್ದ ಎರಡು ಮಡಕೆಗಳ ಕಡೆ ಕೈ ತೋರಿಸಿದರು. “ಹಾಗಾದರೆ ಇದೆಲ್ಲ? ನಲವತ್ತು ಪುಟ ಬರೆದಿದ್ದಾಳಲ್ಲ, ಎಷ್ಟು ಚೆನ್ನಾಗಿದೆ!”

ಹೊಗಳಿಕೆ ಮೇಲಿಂದ ಮೇಲೆ ಬೀಳುತ್ತಿತ್ತು. ಅವತ್ತು ಅಮಾವಾಸ್ಯೆ ಬೇರೆ. ಅತ್ತೆಗೆ ತಡೆಯಲಾಗಲಿಲ್ಲ. “ಅವಳೆಲ್ಲಿ ಬರೀತಾಳೆ? ಯಾರ ಕೈಲೋ ಬರೆಸ್ಕಂಡವ್ಳೆ ಬಿಡಿ ಸಾಮಿ.”

ಅವರ ಪೆನ್ನು ನಿಂತಿತು. ನನ್ನ ಮುಖ ನೋಡಿದರು. “ನಿಜವೇನಮ್ಮಾ?”

“ಇರ್ಬೋದು ಸಾರ್” ಎಂದೆ.

ಒಂದು ಚೊಂಬು ಮಜ್ಜಿಗೆ ಕುಡಿದು ಅವರು ಹೊರಟುಹೋದರು. ನಮಗೆ ಇಬ್ಬರಿಗೂ ತೃಪ್ತಿ. “ಎಂಗೆ ಮಾತಾಡ್ದೆ ನೋಡು” ಎಂದರು ಅತ್ತೆ, “ಒಂದು ಚೂರು ಕಣ್ಣು ತಾಕಕ್ಕೆ ಬಿಡ್ಲಿಲ್ಲ.”

ಹತ್ತು ದಿನಕ್ಕೆ ಕಾಲೇಜಿನಿಂದ ಕಾಗದ ಬಂತು. ನಿಮ್ಮ ಅಮ್ಮ ಅದನ್ನು ಕೊಟ್ಟಿಗೆಯಲ್ಲಿ ನಿಂತು ನಮಗೆ ಓದಿ ಹೇಳಿದಳು. ಅವಳ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ.

“‘ವಿದ್ಯಾರ್ಥಿನಿ ಯಾವ ಕೆಲಸವನ್ನೂ ಮಾಡುವುದಿಲ್ಲ. ಇಲ್ಲಿರುವ ಕಡ್ಡಿಯನ್ನು ಅಲ್ಲಿ ಇಡುವುದಿಲ್ಲ ಎಂದು ಸಂಸ್ಥೆಯ ಹಿರಿಯ ಅಧಿಕಾರಿಯೊಬ್ಬರು ತಿಳಿಸಿದ್ದಾರೆ.’”

“ಇರಿಯ ಅಧಿಕಾರಿ ಯಾರು?” ಎಂದರು ಅತ್ತೆ.

“ನೀನೇ ಅಜ್ಜಿ.”

“ಅಂಗಾ!” ಎಂದು ಅತ್ತೆ ಸೆರಗು ಸರಿಮಾಡಿಕೊಂಡರು.

“‘ವರದಿಯನ್ನು ಬೇರೆಯವರಿಂದ ಬರೆಸಿರುವುದಾಗಿ ತಿಳಿದುಬಂದಿದೆ. ಯಜಮಾನರು ಇದನ್ನು ಅಲ್ಲಗಳೆದಿಲ್ಲ. ಸಂಸ್ಥೆಯ ಎಮ್ಮೆಗಳು ಹಾಲು ಕೊಡುವುದಿಲ್ಲ, ಆದರೂ ಪ್ರತಿದಿನ ಮೊಸರು ಮಾರಲಾಗುತ್ತಿದೆ. ಈ ಬಗ್ಗೆ ವಿವರಣೆ ಬೇಕು.’”

ಕೊನೆಯಲ್ಲಿ ಇದ್ದದ್ದು ಇಷ್ಟು: ಸೋಮವಾರ ಯಜಮಾನರು ಸ್ವತಃ ಕಾಲೇಜಿಗೆ ಬಂದು ಹೇಳಿಕೆ ಕೊಡಬೇಕು, ಇಲ್ಲವಾದರೆ ಕೆಲಸದ ಮಾರ್ಕು ಸೊನ್ನೆ. ಸೊನ್ನೆ ಎಂದರೆ ವರ್ಷ ಹೋಯಿತು. ಮತ್ತೆ ಓದಬೇಕೆಂದರೆ ಬೇರೆ ವ್ಯಾಪಾರ ಹುಡುಕಬೇಕು. ಅದು ಎಲ್ಲಿಯೂ ಸಿಗುವುದಿಲ್ಲ ಎಂದು ನಮಗೆ ಗೊತ್ತಿತ್ತು.

“ನಿನ್ನ ಒಳ್ಳೇದಕ್ಕೆ ಅಂದಿದ್ದು ಕಣಮ್ಮಿ” ಎಂದೆ.

“ಗೊತ್ತಮ್ಮ.” ಅವಳು ಅಳಲಿಲ್ಲ, ಅತ್ತಿದ್ದರೆ ನನಗೆ ಹಗುರವಾಗುತ್ತಿತ್ತು. “ನನ್ನ ಒಳ್ಳೇದಕ್ಕೆ ಒಂದೇ ಒಂದು ಸಲ ನಿಜ ಹೇಳು. ಆಮೇಲೆ ಜನ್ಮವೆಲ್ಲ ಬೈಯಿ.”

ಸೋಮವಾರಕ್ಕೆ ನಾಲ್ಕು ದಿನವಿತ್ತು. ನಾನು ಅಭ್ಯಾಸ ಶುರು ಮಾಡಿದೆ. ಹಾಲು ಕರೆಯುವಾಗ ಸುತ್ತ ಯಾರೂ ಇಲ್ಲವೆಂದು ನೋಡಿ, “ನನ್ನ ಮಗಳು ಬುದ್ಧಿವಂತೆ” ಎಂದೆ. ಎಮ್ಮೆ ಮೆಲುಕು ಹಾಕುವುದನ್ನು ನಿಲ್ಲಿಸಿ ಹಿಂದಕ್ಕೆ ತಿರುಗಿ ನೋಡಿತು. ಕದ್ದು ಕೇಳುತ್ತಿದ್ದ ಅತ್ತೆ ಉಪ್ಪು, ಒಣಮೆಣಸಿನಕಾಯಿ ಹಿಡಿದು ಓಡಿಬಂದು ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುತ್ತಿದ್ದ ನಿಮ್ಮ ಅಮ್ಮನ ತಲೆಯ ಸುತ್ತ ನಿವಾಳಿಸಿ ದೃಷ್ಟಿ ತೆಗೆದರು. ದಿನಕ್ಕೆ ಹತ್ತು ಸಲ ಹೀಗೆ. ಶನಿವಾರದ ಹೊತ್ತಿಗೆ ಮನೆಯಲ್ಲಿ ಸಾರಿಗೆ ಮೆಣಸಿನಕಾಯಿ ಉಳಿಯಲಿಲ್ಲ.

ಕೊನೆಗೆ ಅತ್ತೆಯೇ ಒಂದು ದಾರಿ ಕಂಡುಹಿಡಿದರು. “ಕೂಸಿನ ಕೆನ್ನೆಗೆ ಕಪ್ಪು ಬೊಟ್ಟು ಇಕ್ಕಲ್ವಾ? ಅಂಗೇ ಮಾತ್ಗೂ ಇಕ್ಕು. ಒಂದು ಒಗಳು, ಇಂದ್ಗಡೆ ಒಂದು ತಪ್ಪು ಯೋಳು. ಕಣ್ಣೂ ತಾಕಲ್ಲ, ಪಾಸೂ ಆಗ್ತಾಳೆ.”

ಇದು ನಮಗೆ ಬಹಳ ಬುದ್ಧಿವಂತಿಕೆಯ ಮಾತಾಗಿ ಕಂಡಿತು.

ಸೋಮವಾರ ಮೂವರೂ ರೈಲು ಹತ್ತಿದೆವು. ಮಡಕೆ ಇಲ್ಲದೆ ಆ ರೈಲಿನಲ್ಲಿ ಕೂತದ್ದು ಅದೇ ಮೊದಲು. ಕೈಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಅತ್ತೆಯ ಸೆರಗಿನ ಗಂಟು ದಪ್ಪವಾಗಿತ್ತು. ಎಲೆ ಅಡಿಕೆ ಎಂದುಕೊಂಡೆ.

ಪ್ರಿನ್ಸಿಪಾಲರ ಕೋಣೆಯಲ್ಲಿ ಪ್ರಿನ್ಸಿಪಾಲರು, ಪಕ್ಕದಲ್ಲಿ ಅದೇ ಪರೀಕ್ಷಕರು. ನನ್ನನ್ನು ಕುರ್ಚಿಯಲ್ಲಿ ಕೂರಿಸಿದರು. ನಾನು ಕುರ್ಚಿಯ ಅಂಚಿನಲ್ಲಿ ಕೂತೆ. ಅತ್ತೆ ಗೋಡೆಗೆ ಒರಗಿ ನೆಲದ ಮೇಲೆ ಕೂತರು, ನಿಮ್ಮ ಅಮ್ಮ ಬಾಗಿಲಲ್ಲಿ ನಿಂತಳು.

“ಹೆದರಬೇಡಿ, ನಿಮ್ಮ ಮಗಳ ಬಗ್ಗೆ ಹೇಳಿ” ಎಂದರು ಪ್ರಿನ್ಸಿಪಾಲರು.

ಅತ್ತೆ ಹೇಳಿಕೊಟ್ಟ ಹಾಗೇ ಶುರು ಮಾಡಿದೆ. “ಬುದ್ಧಿವಂತೆ ಸಾರ್. ಆದ್ರೆ ಗೊರಕೆ ಒಡೀತಾಳೆ.”

ಪರೀಕ್ಷಕರು ಬರೆದುಕೊಂಡರು.

“ಎಲ್ಲಾರ್ಗಿಂತ ಮುಂಚೆ ಏಳ್ತಾಳೆ ಸಾರ್. ಆದ್ರೆ ತಲೆ ಬಾಚಲ್ಲ.”

ಬಾಗಿಲಲ್ಲಿ ನಿಮ್ಮ ಅಮ್ಮ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಹೊರಗೆ ನಿಂತಿದ್ದ ಇಬ್ಬರು ಹುಡುಗರು ಕಿಸಕ್ಕೆಂದರು.

“ನಿಯತ್ತಾಗಿ ಕೆಲಸ ಮಾಡ್ತಾಳೆ. ಆದ್ರೆ ಉಂಡ ತಟ್ಟೆ ಎತ್ತಲ್ಲ.”

“ಅಮ್ಮಾ,” ಎಂದರು ಪರೀಕ್ಷಕರು ಪೆನ್ನು ಎತ್ತಿ, “ಈ ಗೊರಕೆ ಕೆಲಸದ ವೇಳೆಯಲ್ಲೋ, ಮನೆಯಲ್ಲೋ?”

ಅಷ್ಟರಲ್ಲಿ ಅತ್ತೆ ಎದ್ದರು. ಮೂರು ಹೊಗಳಿಕೆ ಒಟ್ಟಿಗೆ ಬಿದ್ದಿದ್ದವು, ಬೊಟ್ಟುಗಳ ಮೇಲೆ ಅವರಿಗೆ ನಂಬಿಕೆ ಉಳಿದಿರಲಿಲ್ಲ. ಸೆರಗಿನ ಗಂಟು ಬಿಚ್ಚಿದರು. ಪ್ರಿನ್ಸಿಪಾಲರ ಎದುರಿಗೇ ಉಪ್ಪು ಮೆಣಸಿನಕಾಯಿ ಹಿಡಿದ ಮುಷ್ಟಿಯನ್ನು ಮೊಮ್ಮಗಳ ತಲೆಯ ಸುತ್ತ ಮೂರು ಸುತ್ತು ಸುತ್ತಿದರು. ವರಾಂಡದಲ್ಲಿ ಅಟೆಂಡರು ಟೀ ಕಾಯಿಸುತ್ತಿದ್ದ. ಅವನು ಬೇಡ ಬೇಡ ಎನ್ನುವಷ್ಟರಲ್ಲಿ ಅತ್ತೆ ಅಲ್ಲಿಗೆ ಹೋಗಿ ಪಾತ್ರೆ ಎತ್ತಿ, ಮುಷ್ಟಿಯಲ್ಲಿದ್ದದ್ದನ್ನೆಲ್ಲ ಸ್ಟವ್ವಿನ ಮೇಲೆ ಸುರಿದರು.

ಚಿನ್ನೂ, ಆ ಘಾಟು ಹೇಗೆ ಹೇಳಲಿ. ಮೊದಲು ಅಟೆಂಡರು, ಆಮೇಲೆ ವರಾಂಡ, ಆಮೇಲೆ ಒಂದೊಂದೇ ಕ್ಲಾಸು ಕೆಮ್ಮತೊಡಗಿದವು. ಮೇಷ್ಟರುಗಳು ಕರವಸ್ತ್ರ ಹಿಡಿದು ಓಡಿಬಂದರು. ಪ್ರಿನ್ಸಿಪಾಲರು ಕಿಟಕಿಗೆ ತಲೆ ಹಾಕಿದರು. ಪರೀಕ್ಷಕರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮೆಣಸಿನಕಾಯಿ ಘಾಟು ಬಂದರೆ ದೃಷ್ಟಿಯಾಗಿಲ್ಲ, ಬಾರದಿದ್ದರೆ ಆಗಿದೆ ಎಂದು ಲೆಕ್ಕ. ಅತ್ತೆ ಒಬ್ಬರೇ ನಗುನಗುತ್ತ ಒಳಗೆ ಬಂದು, “ಏನೂ ಆಗಿಲ್ಲ, ಯೋಳು ನೀನು” ಎಂದು ಕೆಮ್ಮಿದರು.

ಪ್ರಿನ್ಸಿಪಾಲರು ನಮ್ಮ ಕಡೆಯವರು. ಕೆಮ್ಮು ನಿಂತ ಮೇಲೆ ಪರೀಕ್ಷಕರಿಗೆ ಬಿಡಿಸಿ ಹೇಳಿದರು. “ಸಾರ್, ಇಲ್ಲಿ ಮಗುವನ್ನು ಬೈದರೆ ಹೊಗಳಿದ ಹಾಗೆ.”

“ಇರಬಹುದು,” ಎಂದರು ಅವರು, ಇನ್ನೂ ಕಣ್ಣೊರೆಸಿಕೊಳ್ಳುತ್ತ. “ಆದರೆ ಎಲ್ಲ ಬೈಗುಳವನ್ನೂ ನಾನು ಹೊಗಳಿಕೆ ಅಂತ ಬರೆದುಕೊಂಡರೆ, ನಿಜವಾಗಿ ಕೆಲಸ ಮಾಡದ ಮಕ್ಕಳೆಲ್ಲ ಫಸ್ಟ್ ಕ್ಲಾಸು ಬರುತ್ತಾರೆ.” ಅದೂ ನ್ಯಾಯವೇ. ಅವರು ಸ್ವಲ್ಪ ಯೋಚಿಸಿ ಪೆನ್ನನ್ನು ಮುಚ್ಚಿ ಮೇಜಿನ ಮೇಲಿಟ್ಟರು. “ಅಮ್ಮಾ, ಹುಡುಗಿಯ ಮಾತು ಬೇಡ. ನೀವು ಮೊಸರು ಹೇಗೆ ಮಾರುತ್ತೀರಿ, ಅದನ್ನು ಹೇಳಿ. ಬೆಳಿಗ್ಗೆಯಿಂದ.”

ಮೊಸರಿನ ಮಾತು ನನಗೆ ಕಷ್ಟವಿರಲಿಲ್ಲ. ಹೆಪ್ಪು ಹಾಕುವುದರಿಂದ ಹಿಡಿದು ಹೇಳುತ್ತ ಹೋದೆ. ರೈಲು, ಬಿಸಿಲು, ಮೊದಲ ಲೈನು, ಕೊನೆಯ ಲೈನು. ಮಕ್ಕಳು ಹುಳಿ ಎಂದು ಲೋಟ ದೂಡುತ್ತಿದ್ದದ್ದು. ಈಗ ಎರಡು ಮಡಕೆ ಆದದ್ದು, ದಾರಿ ತಿರುಗಿದ್ದು, ಯಾವ ಮನೆಗೆ ಯಾವ ಮಡಕೆಯಿಂದ ಎಂಬುದು. ಎಷ್ಟು ಹೊತ್ತು ಮಾತಾಡಿದೆನೋ, ಅಷ್ಟು ಮಾತು ಗಂಡಸರ ಎದುರು ನಾನು ಅದಕ್ಕೆ ಮೊದಲೂ ಆಡಿರಲಿಲ್ಲ, ಆಮೇಲೂ ಆಡಿಲ್ಲ. ಅವರು ಮಧ್ಯೆ ಮಧ್ಯೆ ನಲವತ್ತು ಪುಟದ ವರದಿಯ ಹಾಳೆ ತಿರುಗಿಸಿ ಹೋಲಿಸಿ ನೋಡುತ್ತಿದ್ದರು.

“ಹಾಲು ಕೊಡದ ಎಮ್ಮೆಯ ಮೊಸರೇ ಇದು?” ಎಂದು ಅತ್ತೆಯ ಕಡೆ ನೋಡಿದರು.

ಅತ್ತೆ ಕ್ವಾಲಿಟಿ ಕಂಟ್ರೋಲ್ ಆಫೀಸರು. ಆ ಕ್ಷಣದಲ್ಲಿ ಅವರು ಪಟ್ಟ ಕಷ್ಟ ನನಗೊಬ್ಬಳಿಗೆ ಗೊತ್ತು. ಕಣ್ಣು ಮುಚ್ಚಿಕೊಂಡು, “ಕೊಡ್ತದೆ” ಎಂದರು. ಸ್ವಲ್ಪ ತಡೆದು, “ಒಸಿ” ಎಂದು ಸೇರಿಸಿದರು.

“ಸರಿ. ಈ ಎರಡು ಮಡಕೆಯ ಯೋಚನೆ ಯಾರದು?” ಅವರು ಈಗ ನನ್ನನ್ನೇ ನೋಡುತ್ತಿದ್ದರು. “ಮನೆಮನೆಗೂ ಹೋಗಿ ಕೇಳಿದ್ದು ಯಾರು? ಇದನ್ನು ಬರೆದದ್ದು ಯಾರು?”

“ಅವಳೇ ಸಾರ್.”

ಎಲ್ಲರೂ ಕಾದರು. ಆದ್ರೆ ಎಂಬ ಮಾತು ಬರುತ್ತದೆ ಎಂದು ಅತ್ತೆ ಕಾದರು, ಪ್ರಿನ್ಸಿಪಾಲರು ಕಾದರು, ಬಾಗಿಲಲ್ಲಿ ನಿಮ್ಮ ಅಮ್ಮನೂ ಕಾದಳು. ನಾನೂ ಹುಡುಕಿದೆ. ತಪ್ಪು ಎಷ್ಟೋ ಇದ್ದವು, ಆದರೆ ಅವು ಯಾವುವೂ ಆ ಮಾತಿಗೆ ಸೇರಿದವಾಗಿರಲಿಲ್ಲ.

“ಅವಳೇ. ಬೇರೆ ಯಾರೂ ಅಲ್ಲ” ಎಂದೆ. “ಹತ್ತು ವರ್ಷದಲ್ಲಿ ನಂಗೆ ಗೊತ್ತಾಗದೇ ಇದ್ದದ್ದು ಅವಳಿಗೆ ಮೂರು ವಾರದಲ್ಲಿ ಗೊತ್ತಾಯ್ತು. ನಾನು ಸುಮ್ನೆ ಮಡಕೆ ಹೊತ್ತೆ ಸಾರ್.”

ಪರೀಕ್ಷಕರು ಪೆನ್ನು ತೆಗೆದು ಹಳೆಯ ಹಾಳೆಯ ಮೇಲೆ ಮೂಲೆಯಿಂದ ಮೂಲೆಗೆ ಗೆರೆ ಎಳೆದರು. ಹೊಸದಾಗಿ ಬರೆದು, ನನಗೆ ಓದಿ ಹೇಳಿ, ಯಜಮಾನರು ಎಂದಿರುವ ಕಡೆ ಸಹಿ ಹಾಕಿಸಿಕೊಂಡರು. ಅದರಲ್ಲಿ ಗೊರಕೆ ಇರಲಿಲ್ಲ. ಹೋಗುವಾಗ, “ಆ ಹುಳಿ ಮೊಸರು ಬಲು ಚೆನ್ನಾಗಿತ್ತಮ್ಮ” ಎಂದರು. ಅವರು ಅವತ್ತು ಕುಡಿದದ್ದು ಮಜ್ಜಿಗೆ.

ವಾಪಸು ಬರುವಾಗ ನಿಮ್ಮ ಅಮ್ಮ ಕಿಟಕಿಯ ಹೊರಗೆ ನೋಡುತ್ತ, ನನ್ನ ಕೈ ಮೇಲೆ ಕೈಯಿಟ್ಟು ಕೂತಿದ್ದಳು. ಮಾರನೆಯ ದಿನ ಅವಳಿಗೆ ನೆಗಡಿಯಾಯಿತು, ಮೂರು ದಿನ ಜ್ವರ. ಅತ್ತೆ ಒಂದು ವಾರ ನನ್ನನ್ನು ಮಾತಾಡಿಸಲಿಲ್ಲ. ಜ್ವರ ಬಿಟ್ಟಿತು, ಆ ವರ್ಷ ಪಾಸಾದಳು, ಮುಂದಿನದೂ ಪಾಸಾದಳು. ಸರ್ಟಿಫಿಕೇಟು ನೀವೇ ನೋಡಿದ್ದೀರಿ.

ಅವಳು ಕೇಳಿದ್ದು ಒಂದೇ ಸಲ, ನಾನು ಹೇಳಿದ್ದೂ ಒಂದೇ ಸಲ. ಈಗ ಬರೆಯುವಾಗ ನೋಡಿದರೆ ಈ ಹಾಳೆಗಳ ತುಂಬ ಅವಳನ್ನು ಹೊಗಳಿಬಿಟ್ಟಿದ್ದೇನೆ, ಒಂದು ಕಪ್ಪು ಬೊಟ್ಟನ್ನೂ ಇಟ್ಟಿಲ್ಲ. ಅಳಿಸುವುದಿಲ್ಲ. ಇವನ್ನು ಅಟ್ಟದ ಮೇಲೆ ಹಾಕಬೇಡಿ, ಅಲ್ಲಿ ಇಲಿಗಳಿವೆ. ಹಳೆಯ ಪೇಪರಿನ ಜೊತೆ ಸೇರಿಸಬೇಡಿ, ನಿಮ್ಮ ಅಪ್ಪ ತಿಂಗಳಿಗೊಮ್ಮೆ ತೂಕಕ್ಕೆ ಹಾಕುತ್ತಾರೆ. ಆ ಸರ್ಟಿಫಿಕೇಟಿನ ಕೆಳಗೇ ಮಡಿಸಿ ಇಟ್ಟು ಜೋಪಾನ ಮಾಡಿ. ಕಳೆದುಹೋದರೆ ಇದನ್ನೆಲ್ಲ ನಾನು ಇನ್ನೊಂದು ಸಲ ಬಾಯಿಬಿಟ್ಟು ಹೇಳಬೇಕಾಗುತ್ತದೆ, ಅದು ನನ್ನಿಂದ ಆಗುವ ಕೆಲಸವಲ್ಲ.